ಹದಿನಾರು ದಿನ ಓದದ ಕಾಗದ

ಯುಗಾದಿಯ ದಿನ ಬೇವು ಕುಡಿಯುವ ಮೊದಲು ನೇಮ ಹಿಡಿಯುವ ರೂಢಿ ನಮ್ಮ ಮನೆತನದಲ್ಲಿ ಇರಲಿಲ್ಲ. ಅದನ್ನು ನನ್ನ ಹೆಂಡತಿ ತನ್ನ ತವರು ಸಾಯಗಾಂವದಿಂದ ತಂದಳು. ಅಲ್ಲಿ ಅವಳ ಅಜ್ಜ ಪೂಜೆ ಮುಗಿಸಿ ಬಂದು ಕೂತ ಮೇಲೆ ಮನೆಯವರೆಲ್ಲ ಸಾಲಾಗಿ ಕೂಡುತ್ತಿದ್ದರಂತೆ. ಈ ವರ್ಷ ನಾನು ಇಂಥದ್ದು ಮಾಡುತ್ತೇನೆ ಎಂದು ಒಬ್ಬೊಬ್ಬರಾಗಿ ಹೇಳಿ, ಆಮೇಲೆಯೇ ಬೇವಿನ ಬಟ್ಟಲನ್ನು ತುಟಿಗೆ ಹಚ್ಚಬೇಕು. ದೊಡ್ಡ ಮಾತುಗಳನ್ನು ಅಜ್ಜ ಒಪ್ಪುತ್ತಿರಲಿಲ್ಲ. ತಂಬಾಕು ಬಿಡುತ್ತೇನೆ, ಬಾವಿಯ ಮೆಟ್ಟಿಲು ಸರಿಮಾಡುತ್ತೇನೆ, ಮುನಿಸಿಕೊಂಡ ನಾದಿನಿಯನ್ನು ನಾನಾಗಿಯೇ ಮಾತಾಡಿಸುತ್ತೇನೆ, ಇಂಥ ಕೈಗೆಟುಕುವ ನೇಮಗಳೇ ಆಗಬೇಕು. ಹೇಳಿದ್ದನ್ನು ನಡೆಸದವರು ಮರುವರ್ಷ ಹೊಸದು ಹೇಳುವಂತಿರಲಿಲ್ಲ. ಹಳೆಯದನ್ನೇ ಎಲ್ಲರ ಮುಂದೆ ಮತ್ತೊಮ್ಮೆ ಹೇಳಬೇಕಾಗುತ್ತಿತ್ತು.

ನಾನು ಆಗ ಔರಾದದ ತಹಸೀಲ ಕಚೇರಿಯಲ್ಲಿ ನಕಲುಗಾರನಾಗಿದ್ದೆ. ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳು. ಕಚೇರಿಯ ಬರಹವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಬೀದರಿನ ಶಾಲೆಯಲ್ಲಿ ಉರ್ದು ಓದಿದ ನನ್ನ ಅಕ್ಷರ ದುಂಡಗಿದೆ ಎಂದು ಮೇಲಿನವರು ಮೆಚ್ಚುತ್ತಿದ್ದರು. ಹೊಲದ ಕಾಗದ, ತಕರಾರಿನ ಅರ್ಜಿ, ಸಾಕ್ಷಿಗಳ ಹೇಳಿಕೆ, ಊರವರ ಮಾತನ್ನೆಲ್ಲ ದಿನವಿಡೀ ತಪ್ಪಿಲ್ಲದೆ ನಕಲು ಮಾಡುತ್ತಿದ್ದೆ. ಮನೆಯಲ್ಲಿ ಆಡುವ ಮಾತು ಕನ್ನಡ. ಆದರೆ ಕನ್ನಡದ ಒಂದು ಅಕ್ಷರವೂ ನನಗೆ ಓದಲು ಬರುತ್ತಿರಲಿಲ್ಲ. ನನ್ನ ಓರಗೆಯವರು ಬಹಳ ಮಂದಿ ಹಾಗೆಯೇ ಇದ್ದುದರಿಂದ ಅದೊಂದು ಕೊರತೆ ಎಂದು ನನಗೆ ಅನ್ನಿಸಿರಲೂ ಇಲ್ಲ.

ಹೆಂಡತಿಗೆ ಬರುತ್ತಿತ್ತು. ಮೊಮ್ಮಗಳು ಶರಣರ ವಚನಗಳನ್ನು ತಾನೇ ಓದಿಕೊಳ್ಳಲಿ ಎಂದು ಅಜ್ಜ ಅವಳಿಗೆ ಅಕ್ಷರ ಕಲಿಸಿದ್ದ. ಮದುವೆಯಾದ ವರ್ಷ ಪಂಚಮಿಗೆ ತವರಿಗೆ ಹೋದವಳು ನನಗೊಂದು ಕಾಗದ ಬರೆದಳು. ಅದನ್ನು ನಾನು ಸಂತೆಬೀದಿಯ ಕಿರಾಣಿ ಅಂಗಡಿಗೆ ಒಯ್ದೆ. ಆ ಅಂಗಡಿಯವನಿಗೆ ಕನ್ನಡ ಬರುತ್ತಿತ್ತು. ಅವನು ಗಿರಾಕಿಗಳ ನಡುವೆ ಗಟ್ಟಿಯಾಗಿ ಓದಿದ. ಎಲ್ಲರೂ ಕ್ಷೇಮ, ಮಳೆ ಚೆನ್ನಾಗಿದೆ ಎಂದೆಲ್ಲ ಆದ ಮೇಲೆ ಕೊನೆಗೆ ಅವಳು ಹೀಗೆ ಬರೆದಿದ್ದಳು: ನಿಮ್ಮ ಅಂಗಿ ಒಂದು ನನ್ನ ಗಂಟಿನೊಳಗ ಬಂದದ, ಅದನ್ನ ತಿರುಗಿ ಕಳಸೂದಿಲ್ಲ. ಅಂಗಡಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಮುಂದೆ ಒಂದು ತಿಂಗಳು ದಾರಿಯಲ್ಲಿ ಸಿಕ್ಕವರೆಲ್ಲ ಅಂಗಿ ಬಂತೇ ಎಂದು ಕೇಳುತ್ತಿದ್ದರು.

ಅವಳು ತಿರುಗಿ ಬಂದ ಮೇಲೆ ಬಾವಿಕಟ್ಟೆಯಲ್ಲಿ ಯಾರೋ ಹೆಂಗಸು ಅದನ್ನೇ ಹೇಳಿ ನಗಾಡಿದಳಂತೆ. ಕೊಡ ಇಳಿಸಿ ಅವಳು ನನ್ನ ಮುಂದೆ ನಿಂತಳು. ಸಿಟ್ಟು ಮಾಡಲಿಲ್ಲ.

"ನಾ ಬರದಿದ್ದು ನಿಮಗರಿ. ಪ್ಯಾಟಿಗಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು.

ಅದಾದ ಮೇಲಿನ ಯುಗಾದಿಗೆ ಅವಳು ಬಸುರಿ. ಮನೆಯಲ್ಲಿ ಇದ್ದವರು ನಾವಿಬ್ಬರೇ. ಇಬ್ಬರೇ ಸಾಲಾಗಿ ಕೂತೆವು. ನನಗೆ ಅಕ್ಷರದ ಪುಸ್ತಕ ಮಾಡಿಕೊಡುವ ತನ್ನ ನೇಮವನ್ನು ಅವಳು ಆಗಲೇ ನಡೆಸಿ ತಂದಿದ್ದಳು. ಕಚೇರಿಯಿಂದ ನಾನು ತರುತ್ತಿದ್ದ ರದ್ದಿ ಹಾಳೆಗಳ ಬೆನ್ನಿಗೆ, ಒಂದು ಪುಟಕ್ಕೆ ಐದರಂತೆ, ಅ ದಿಂದ ಳ ವರೆಗೆ ದಪ್ಪಗೆ ಬರೆದು, ಹಿಂದೆ ಕಾಗುಣಿತ, ಅದರ ಹಿಂದೆ ಸಣ್ಣ ಸಣ್ಣ ಮಾತು, ಎಲ್ಲ ಸೇರಿಸಿ ದಾರದಿಂದ ಹೊಲಿದಿದ್ದಳು. ಕಚೇರಿಗೆ ಹೋಗುವ ಮೊದಲು ದಿನಕ್ಕೆ ಐದೇ ಅಕ್ಷರ ಕಲಿತರೆ ಸಾಕು ಎಂದಳು. ಅವಳು ಮಾಡಿದ ಲೆಕ್ಕ ಸರಿಯಾಗಿತ್ತು. ಹಾಗೆ ನಡೆದಿದ್ದರೆ ಅವಳ ಸೀಮಂತದ ಕುಬಸ ಮುಗಿಯುವ ಹೊತ್ತಿಗೆ ನಾನು ಓದುತ್ತಿದ್ದೆ.

ಈ ವರ್ಷ ಕನ್ನಡ ಓದಲು ಕಲಿಯುತ್ತೇನೆ ಎಂದು ನಾನು ನೇಮ ಹಿಡಿದೆ. ಅಷ್ಟಕ್ಕೇ ಬಿಡಬೇಕಾಗಿತ್ತು. ಬಟ್ಟಲು ಕೈಯಲ್ಲಿದ್ದಾಗ ಹುರುಪು ಬಂದು, ನಿನ್ನ ಕಾಗದವನ್ನು ಇನ್ನು ಮೇಲೆ ಬೇರೆ ಯಾರ ಬಾಯಿಂದಲೂ ಓದಿಸುವುದಿಲ್ಲ, ನಾನೇ ಓದಿಕೊಳ್ಳುತ್ತೇನೆ ಎಂದೂ ಸೇರಿಸಿದೆ. ಅಷ್ಟನ್ನು ಅವಳು ಬೇಡಿರಲಿಲ್ಲ. ಆದರೆ ಕೇಳಿ ಅವಳ ಮುಖ ಅರಳಿದ್ದನ್ನು ನೋಡಿ, ಒಳ್ಳೆಯದನ್ನೇ ಆಡಿದೆ ಎಂದುಕೊಂಡೆ.

ಮೊದಲ ಕೆಲವು ದಿನ ಶ್ರದ್ಧೆಯಿಂದ ಕೂತೆ. ಸ್ವರಗಳು ಮುಗಿದವು. ಕ ಸಾಲು, ಚ ಸಾಲು, ಟ ಸಾಲು ಬಂದವು. ಉರ್ದುವಿನ ಕೈಗೆ ಎಡದಿಂದ ಬಲಕ್ಕೆ ಬರೆಯುವುದು ವಿಚಿತ್ರವಾಗಿತ್ತು. ತಪ್ಪಿದಾಗ ಅವಳು ನಗದೆ ನನ್ನ ಬೆರಳು ಹಿಡಿದು ತಿದ್ದಿಸುತ್ತಿದ್ದಳು. ಹೀಗೆ ಣ ತನಕ ಬಂದೆವು. ಅಷ್ಟರಲ್ಲಿ ಹಳ್ಳಿಗಳಲ್ಲಿ ಗಲಾಟೆ ಜೋರಾಯಿತು. ನಿಜಾಮರ ಪರ ಹತಾರ ಹಿಡಿದವರು ಊರೂರು ತಿರುಗುತ್ತಿದ್ದಾರೆಂಬ ಸುದ್ದಿ ಬರತೊಡಗಿತು. ದಾರಿ ಇನ್ನೂ ಕೆಡುವ ಮೊದಲು ಮಗಳನ್ನು ಕರೆದೊಯ್ಯುತ್ತೇನೆಂದು ಮಾವ ಬಂದು, ಕುಬಸವನ್ನು ತವರಿನಲ್ಲೇ ಮಾಡುವುದೆಂದು ಹೇಳಿ ಅವಳನ್ನು ಸಾಯಗಾಂವಕ್ಕೆ ಒಯ್ದ. ಹೋಗುವಾಗ ಅವಳು ಹೊಲಿದ ಪುಸ್ತಕವನ್ನು ಗೂಡಿನಲ್ಲಿ ಕಣ್ಣಿಗೆ ಬೀಳುವಂತೆ ಇಟ್ಟಳು.

ಮರುದಿನ ತ ಥ ದ ಧ ನ ಬರೆದ ಪುಟ ತೆರೆದದ್ದು ನೆನಪಿದೆ. ಆಮೇಲೆ ಯಾವಾಗ ಮುಚ್ಚಿಟ್ಟೆನೋ ನೆನಪಿಲ್ಲ. ಬೆಳಗಿನ ಹೊತ್ತು ಹೋಟೆಲಿನಲ್ಲಿ ಚಹಾ ಕುಡಿಯುತ್ತ ಹೈದರಾಬಾದಿನ ಸುದ್ದಿ ಕೇಳುತ್ತ ಕೂಡುವುದು ರೂಢಿಯಾಯಿತು. ದೇಶವೇ ಅಲ್ಲಾಡುವಾಗ ಅಕ್ಷರ ತಿದ್ದುತ್ತ ಕೂಡುವುದು ಹೇಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಅಂದರೆ, ಪಕ್ಕದಲ್ಲಿ ಕೂತು ಬೆರಳು ಹಿಡಿಯುವವಳು ಇಲ್ಲದೆ ಬೇಸರ ಬಂದಿತ್ತು. ಸಾಯಗಾಂವದ ಕಡೆಯಿಂದ ಬಂದ ರೈತನೊಬ್ಬನ ಕೈಯಲ್ಲಿ ಅವಳು ಪುಸ್ತಕ ಎಲ್ಲಿಗೆ ಬಂತು ಎಂದು ಕೇಳಿ ಕಳಿಸಿದಳು. ಮುಗಿಯಿತೆಂದು ಹೇಳು ಎಂದೆ.

ಶ್ರಾವಣದಲ್ಲಿ ಅವಳ ಕಾಗದ ಬಂತು.

ತಂದುಕೊಟ್ಟವನು ಔರಾದದ ಟಪಾಲಿನವ. ಜನವಾಡದ ಮುಸಲ್ಮಾನ. ಆಗಲೇ ಗಡ್ಡ ನೆರೆತಿತ್ತು. ಉರ್ದು, ಮರಾಠಿ, ಕನ್ನಡ ಮೂರೂ ಲಿಪಿ ಅವನಿಗೆ ಬರುತ್ತಿದ್ದವು. ಓದು ಬಾರದ ಹೆಂಗಸರ ಮನೆಬಾಗಿಲಲ್ಲಿ ನಿಂತು ಅವರ ಗಂಡ ಮಕ್ಕಳ ಕಾಗದಗಳನ್ನು ಮೆಲ್ಲನೆ ಓದಿ ಹೇಳಿ ಹೋಗುತ್ತಿದ್ದ. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಮುಟ್ಟಿಸಿದವನಲ್ಲ. ಕಾಗದವನ್ನು ನನ್ನ ಕೈಗಿಟ್ಟು ಅವನು ಹೋಗದೆ ನಿಂತ.

"ಸಾಹೇಬ್ರ, ಇದು ಕನ್ನಡದಾಗದ. ಈಗಿನ ಹವಾ ಛೊಲೊ ಇಲ್ಲ. ಏನರ ಜರೂರ ಮಾತು ಇರ್ತದ. ಓದಿ ಹೇಳ್ಲೇನ್ರಿ? ಇಲ್ಲೇ ಓದ್ತೇನಿ, ಇಲ್ಲೇ ಮರೀತೇನಿ."

ಅಂಗಡಿಯ ನಗೆಯೂ ಬಟ್ಟಲು ಹಿಡಿದು ಆಡಿದ ಮಾತೂ ಒಟ್ಟಿಗೆ ನೆನಪಾದವು. ಬೇಡ, ನಾನೇ ಓದಿಕೊಳ್ಳುತ್ತೇನೆ ಎಂದೆ. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಸಲಾಮು ಮಾಡಿ ಹೋದ.

ಒಳಗೆ ಬಂದು ಬಿಡಿಸಿದೆ. ಒಂದೊಂದು ಅಕ್ಷರವನ್ನೂ ದೂರ ದೂರ, ದಪ್ಪಗೆ, ಆದಷ್ಟೂ ಒತ್ತಕ್ಷರ ಬಾರದ ಹಾಗೆ ಮಾತು ಆರಿಸಿ ಬರೆದಿದ್ದಳು. ಹೊಸದಾಗಿ ಓದುವವನಿಗೆ ತೊಡಕಾಗಬಾರದೆಂದು. ನನಗೆ ಅದರಲ್ಲಿ ಅಲ್ಲೊಂದು ಕ, ಇಲ್ಲೊಂದು ಗ ಸಿಕ್ಕವು. ಒಂದು ಕಡೆ ಠ ಇತ್ತು. ಠ ಅಕ್ಷರದಿಂದ ಶುರುವಾಗುವ ಮಾತು ನಮ್ಮ ಬಳಕೆಯಲ್ಲಿ ಎಷ್ಟಿವೆ? ಠೇಶನ್ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆಗ ನನಗೆ ಛಲ ಹುಟ್ಟಿತು. ಈ ಕಾಗದವನ್ನು ಓದುವಷ್ಟು ಕಲಿತೇ ತೀರುತ್ತೇನೆ, ನೇಮ ನೇಮವೇ ಎಂದುಕೊಂಡೆ. ಹೋಟೆಲು ಬಿಟ್ಟೆ. ಬೆಳಿಗ್ಗೆ ಎದ್ದು ಗೂಡಿನಿಂದ ಪುಸ್ತಕ ತೆಗೆದು ಕೂತೆ. ತ ಸಾಲು, ಪ ಸಾಲು, ಅದರಾಚೆಯವು, ಕಾಗುಣಿತ, ಯಾವುದನ್ನೂ ಬಿಡದೆ ತಿದ್ದಿದೆ. ಕಾಗದವನ್ನು ಮಾತ್ರ ಮುಟ್ಟಲಿಲ್ಲ. ಅರೆಬರೆ ಓದುವುದು ಬೇಡ, ಎಲ್ಲ ಕಲಿತ ಮೇಲೆ ಒಂದೇ ಸಲಕ್ಕೆ ಓದುತ್ತೇನೆ ಎಂದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ನನ್ನ ಜೀವನದಲ್ಲಿ ಅಷ್ಟು ಕಟ್ಟುನಿಟ್ಟಾಗಿ, ಅಷ್ಟು ಸಂತೋಷದಿಂದ ಯಾವ ಕೆಲಸವನ್ನೂ ಮಾಡಿದ್ದಿಲ್ಲ. ದಾರಿಯಲ್ಲಿ ಟಪಾಲಿನವ ಎರಡು ಸಲ ಸಿಕ್ಕ. ಎರಡು ಸಲವೂ ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಕೇಳಿದ. ಕ್ಷೇಮ ಎಂದೆ.

ಹದಿನಾರನೆಯ ದಿನ ಬೆಳಿಗ್ಗೆ ಕಾಗದ ಬಿಡಿಸಿ ಓದಿದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ, ತಡವರಿಸಿ, ಆದರೂ ಓದಿದೆ. ಅಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ಗಡಿ ದಾಟಿ ಸೋಲಾಪುರದ ಕಡೆಗೆ ಹೋಗುವವನಿದ್ದಾನೆ. ಸರಕಾರದ ಕೆಲಸದಲ್ಲಿರುವ ನಿಮಗೆ ತೊಂದರೆ ಆಗಬಾರದೆಂದು ತಿಳಿಸುವುದು ಬೇಡ ಅಂದಿದ್ದಾನೆ. ನನ್ನ ದಿನ ತುಂಬಿವೆ, ನನಗೆ ಹೋಗುವ ಮನಸ್ಸಿಲ್ಲ. ಇಷ್ಟರ ಕೆಳಗೆ, ಇನ್ನೂ ದಪ್ಪ ಅಕ್ಷರದಲ್ಲಿ: ಸೋಮವಾರ ಭಾಲಕಿ ಠೇಶನಕೆ ಬರಬೇಕು. ನೀವು ಬಂದು ಬೇಡ ಎಂದರೆ ನಾನು ಗಾಡಿ ಏರಲಾರೆ.

ಅವಳು ಹೇಳಿದ ಸೋಮವಾರ ಕಳೆದು ಮತ್ತೊಂದು ಸೋಮವಾರವೂ ಕಳೆದಿತ್ತು.

ಕಚೇರಿಗೆ ಹೇಳದೆ ಹೊರಟೆ. ಎರೆಮಣ್ಣಿನ ಕೆಸರಿನಲ್ಲಿ ಎತ್ತಿನಗಾಡಿ ಒಂದಷ್ಟು ದೂರ ಬಂದು ನಿಂತಿತು. ಮುಂದೆ ನಡೆದೆ. ಮಾಂಜ್ರಾ ತುಂಬಿ ಹರಿಯುತ್ತಿತ್ತು. ಆಗದೆಂದ ದೋಣಿಯವನನ್ನು ಕೈಮುಗಿದು ಒಪ್ಪಿಸಿ ದಾಟಿದೆ. ಸಾಯಗಾಂವದ ಮನೆಗೆ ಬೀಗ ಬಿದ್ದಿತ್ತು. ಅವರನ್ನು ಠೇಶನ್ನಿಗೆ ಬಿಟ್ಟು ಬಂದ ಗಾಡಿಯವನು ಪಕ್ಕದ ಓಣಿಯವನೇ. ಅವರು ಹೋಗುವ ತನಕ ಅಲ್ಲೇ ಇದ್ದ ಅವನು ನಡೆದದ್ದನ್ನು ಹೇಳಿದ. ಸೋಮವಾರ ಬೆಳಿಗ್ಗೆ ಲಾತೂರ ಕಡೆಯ ಗಾಡಿ ಬಂದಾಗ ಅವಳು ಏರಲು ಒಪ್ಪಲಿಲ್ಲವಂತೆ. ಬರುವವರಿದ್ದಾರೆ ಎಂದಳಂತೆ. ಮಾವ ಬೈದು, ಕಡೆಗೆ ಮಗಳ ಮುಖ ನೋಡಿ ಆ ಗಾಡಿ ಬಿಟ್ಟನಂತೆ. ಇಡೀ ದಿನ ಅವಳು ಔರಾದದ ದಾರಿ ಕಾಣುವ ಕಡೆ ಗಂಟಿನ ಮೇಲೆ ಕೂತಿದ್ದಳು. ಮರುದಿನದ ಗಾಡಿಗೆ ಹೋದರು. ನಾನು ಯಾಕೆ ಬಂದೆ ಎಂದು ಅವನು ಕೇಳಿದಾಗ, ನೋಡಿ ಹೋಗೋಣವೆಂದು ಬಂದೆ ಎಂದೆ.

ಕೆಲವೇ ದಿನಗಳಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಕಾರ್ಯಾಚರಣೆ ಆಯಿತು. ಐದು ದಿನಗಳಲ್ಲಿ ಎಲ್ಲ ತಿರುಗುಮುರುಗಾಯಿತು. ನಿನ್ನೆಯವರೆಗೆ ಹೆದರಿಸುತ್ತಿದ್ದವರು ಮಾಯವಾದರು. ಯಾರಿಗೂ ಕೇಡು ಬಗೆಯದ ಮುಸಲ್ಮಾನರ ಮನೆಗಳೂ ಆಮೇಲೆ ಲೂಟಿಯಿಂದ ಉಳಿಯಲಿಲ್ಲ. ಟಪಾಲಿನವ ಕೆಲವು ವಾರ ಕಾಣಲಿಲ್ಲ. ತಿರುಗಿ ಕೆಲಸಕ್ಕೆ ಬಂದಾಗ ಬಹಳ ಸೊರಗಿದ್ದ. ಯಾರ ಬಾಗಿಲಲ್ಲೂ ಮೊದಲಿನ ಹಾಗೆ ನಿಲ್ಲುತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಮಾವ ಮಗಳನ್ನು ತಂದು ಬಿಟ್ಟ. ಅವಳ ಮಡಿಲಲ್ಲಿ ಕೂಸು ಇರಲಿಲ್ಲ. ಗಡಿಯಾಚೆ ಊರು ಬಿಟ್ಟವರ ಡೇರೆಗಳಲ್ಲಿ ಹೆರಿಗೆಯಾಗಿ, ಗಂಡು ಕೂಸು ಒಂಬತ್ತು ದಿನ ಇತ್ತು. ಮಳೆ, ಚಳಿ, ಜ್ವರ. ಇದನ್ನು ಹೇಳಿದವನು ಮಾವ. ಮಾವ ಹೊರಟುಹೋದ ಮೇಲೆ ಅವಳು ಬಾಗಿಲ ಹತ್ತಿರ ಕೂತು ಒಂದೇ ಮಾತು ಕೇಳಿದಳು.

"ನನ್ನ ಕಾಗದ ಮುಟ್ಟಿತ್ತೇನ್ರಿ?"

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಎರಡು ತಿಂಗಳಿಂದ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಇದ್ದದ್ದು ಇದ್ದಂತೆ ಹೇಳುವುದೆಂದು ನಿರ್ಧಾರವನ್ನೂ ಮಾಡಿದ್ದೆ. ಆದರೆ ಅವಳ ಮುಖದಲ್ಲಿ ಒಂದು ಬಗೆಯ ಭಯವಿತ್ತು. ಉತ್ತರ ಹೌದು ಎಂದು ಬಂದರೆ ಮುಂದೆ ಈ ಮನುಷ್ಯನ ಜೊತೆ ಹೇಗೆ ಬಾಳುವುದು ಎಂಬ ಭಯವಿರಬೇಕು. ಹಾಗೆಂದು ನಾನು ತಿಳಿದುಕೊಂಡೆ. ತಿಳಿದುಕೊಂಡದ್ದು ನನಗೆ ಅನುಕೂಲವೂ ಆಗಿತ್ತು.

"ಇಲ್ಲ," ಎಂದೆ. "ಆಗ ಟಪಾಲ ಎಲ್ಲಿ ನಡದಿತ್ತು."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು ಒಲೆ ಹಚ್ಚಿದಳು. ಅಂದಿನಿಂದ ನಮ್ಮ ಸಂಸಾರ ಮತ್ತೆ ನಡೆಯತೊಡಗಿತು. ಗಾಡಿಯವನಿಂದ ನಾನು ಸಾಯಗಾಂವಕ್ಕೆ ಬಂದಿದ್ದೆನೆಂದು ತಿಳಿದಾಗಂತೂ ಅವಳಿಗೆ ಹೆಮ್ಮೆ. ಕಾಗದ ಮುಟ್ಟದಿದ್ದರೂ ತುಂಬಿದ ಹೊಳೆ ದಾಟಿ ಹುಡುಕಿಕೊಂಡು ಬಂದಿದ್ದರು ಎಂದು ಓಣಿಯ ಹೆಂಗಸರಿಗೆ ಹೇಳುತ್ತಿದ್ದಳು. ಒಳಗೆ ಕೂತು ನಾನು ಅದನ್ನು ಕೇಳುತ್ತಿದ್ದೆ.

ಆದರೆ ಅವಳಿಗೆ ಯಾರ ಮೇಲಾದರೂ ಸಿಟ್ಟು ಮಾಡಲೇಬೇಕಾಗಿತ್ತು. ಅದು ಟಪಾಲಿನವನ ಪಾಲಾಯಿತು. ಮೊದಲು ಅವನು ಬಂದರೆ ಕೂಡಲು ಹೇಳಿ, ಬಿಸಿಲಿದ್ದರೆ ಮಜ್ಜಿಗೆ ಕೊಡುತ್ತಿದ್ದವಳು, ಈಗ ಅವನ ದನಿ ಕೇಳಿದರೆ ಬಾಗಿಲ ಮರೆಗೆ ಸರಿಯುತ್ತಿದ್ದಳು. ಅವನ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಅವನು ಕಾಗದವನ್ನು ಕಟ್ಟೆಯ ಮೇಲಿಟ್ಟು ಹೋಗುವುದನ್ನು ಕಲಿತ. ನಾನು ಎದುರಾದರೆ ತಲೆ ತಗ್ಗಿಸಿ ಸಲಾಮು ಮಾಡುತ್ತಿದ್ದ. ಅವನು ಒಂದು ಮಾತು ಆಡಿದ್ದರೆ ನನ್ನ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಆದರೆ ಅವಳು ಕೇಳಲಿಲ್ಲ, ಅವನು ಆಡಲಿಲ್ಲ. ಹೀಗೆ ಔರಾದದಲ್ಲಿ ನಾಲ್ಕು ವರ್ಷ.

ನಾನು ಕನ್ನಡವನ್ನು ಬಿಡಲಿಲ್ಲ. ಚೆನ್ನಾಗಿಯೇ ಕಲಿತೆ. ಕಚೇರಿಗಳಲ್ಲಿ ಕನ್ನಡಕ್ಕೆ ಜಾಗ ಸಿಗತೊಡಗಿದಾಗ ನನ್ನನ್ನು ಬೀದರಿಗೆ ಕರೆಸಿಕೊಂಡರು. ನಾವು ಚಿದ್ರಿಯಲ್ಲಿ ಮನೆ ಮಾಡಿದೆವು. ಉರ್ದು ಓದಿದವನಾದರೂ ಎಷ್ಟು ಹಟದಿಂದ ಕನ್ನಡ ಕಲಿತ ನೋಡಿ ಎಂದು ಜನ ನನ್ನನ್ನು ತೋರಿಸುತ್ತಿದ್ದರು. ಎರಡು ಹೆಣ್ಣುಮಕ್ಕಳು ಹುಟ್ಟಿದವು. ಬಾಣಂತನಕ್ಕೆ ತವರಿಗೆ ಹೋದಾಗ ಹೆಂಡತಿ ಕಾಗದ ಬರೆಯಲಿಲ್ಲ. ಟಪಾಲಿನ ಮೇಲೆ ನಂಬಿಕೆ ಹೋಗಿದೆ ಎಂದು ಬಂದುಹೋಗುವವರ ಬಾಯಲ್ಲಿ ಸುದ್ದಿ ಕಳಿಸುತ್ತಿದ್ದಳು.

ಪ್ರತಿ ಯುಗಾದಿಗೂ ಸಾಲಾಗಿ ಕೂತಾಗ ನಾನು ಬೆಳಿಗ್ಗೆ ಬೇಗ ಏಳುತ್ತೇನೆ, ಬೀಡಿ ಬಿಡುತ್ತೇನೆ ಎಂದು ಬಾಯಿಂದ ಏನೋ ಒಂದು ಹೇಳುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಒಂದೇ ನೇಮ: ಈ ವರ್ಷ ಇವಳಿಗೆ ನಿಜ ಹೇಳುತ್ತೇನೆ. ಅಜ್ಜನ ಕಟ್ಟಳೆಯಂತೆ ಪ್ರತಿ ವರ್ಷವೂ ಹಳೆಯದನ್ನೇ ಮತ್ತೆ ಹಿಡಿಯುತ್ತಿದ್ದೆ. ಬೀಡಿ ಬಿಟ್ಟೆ, ಬೇಗ ಏಳುವುದನ್ನೂ ಕಲಿತೆ. ಇದೊಂದು ಆಗಲಿಲ್ಲ. ಮಳೆ ಬೀಳಲಿ, ಮಗುವಿನ ಜ್ವರ ಇಳಿಯಲಿ, ದೀಪಾವಳಿ ಕಳೆಯಲಿ ಎನ್ನುವಷ್ಟರಲ್ಲಿ ಮತ್ತೆ ಬೇವು ಹೂ ಬಿಡುತ್ತಿತ್ತು.

ರಾಜ್ಯ ಒಡೆದು ಬೀದರು ಮೈಸೂರಿಗೆ ಸೇರುತ್ತದೆಂಬ ಮಾತು ನಡೆದಿದ್ದ ವರ್ಷ. ಯುಗಾದಿಗೆ ಎರಡು ದಿನ ಮುಂಚೆ ಚಿದ್ರಿಯ ಟಪಾಲಿನವ ಬಾಗಿಲಿಗೆ ಬಂದು ಕಾಗದ ಚಾಚಿದ. ಇವನು ಬೇರೆ, ಎಳೆಯ ಪ್ರಾಯದವನು. ನನ್ನ ದೊಡ್ಡ ಮಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಹಿಂದೆ ಸರಿದಳು. ಟಪಾಲಿನವರು ಕಾಗದ ಒಗೆದುಬಿಡುತ್ತಾರೆ, ಅದರಿಂದಲೇ ತನ್ನ ಅಣ್ಣ ಸತ್ತುಹೋದ ಎಂದು ಅವನಿಗೇ ಹೇಳಿದಳು. ಅವನಿಗೆ ಏನೂ ತಿಳಿಯದೆ ನನ್ನ ಕಡೆ ನೋಡಿದ. ತಾಯಿ ಹೇಳಿದ್ದನ್ನು ಮಗಳು ಕಲಿತಿದ್ದಳು.

ಯುಗಾದಿಯ ದಿನ ಊಟವಾಗಿ, ಮಕ್ಕಳು ಆಡಲು ಹೋದ ಮೇಲೆ, ಹೆಂಡತಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಎದುರಿಗೆ ಕೂತು ಹೇಳಿದೆ. ಕಾಗದ ಬಂದದ್ದು, ಟಪಾಲಿನವ ಓದಿ ಹೇಳುತ್ತೇನೆ ಅಂದದ್ದು, ನಾನು ಬೇಡ ಅಂದದ್ದು, ಓದಲು ಕೂತದ್ದು. ಅವಳ ಕೈ ನಿಲ್ಲಲಿಲ್ಲ. ಕಲ್ಲು ಆರಿಸಿ ಹೊರಗೆ ಹಾಕುತ್ತಲೇ ಇದ್ದಳು.

"ಎಷ್ಟ ದಿನ ಇತ್ತು ನಿಮ್ಮ ಕಡಿ?"

"ಹದಿನಾರು."

"ಪುಸ್ತಕ ಮುಗದದ ಅಂತ ಹೇಳಿ ಕಳಿಸಿದ್ರಲ್ಲ."

"ಮುಗದಿದ್ದಿಲ್ಲ."

ಅವಳು ಮೊರ ಕೆಳಗಿಟ್ಟಳು. ಅವಳು ಕೂಗುತ್ತಾಳೆ, ಕೂಸಿನ ಮಾತು ಎತ್ತುತ್ತಾಳೆ ಎಂದು ನಾನು ಕಾದಿದ್ದೆ. ಅವಳು ಎತ್ತಿದ್ದು ಬೇರೆ ಮಾತು.

"ಎಂಟ ವರ್ಷ ನಾ ಆ ಮುದುಕಗ ಶಾಪ ಹಾಕೇನ್ರಿ. ಅವನ ಕೈ ಸೇದಿ ಹೋಗ್ಲಿ ಅಂದೀನಿ. ನೀವು ಇಲ್ಲೇ ಕುಂತ ಕೇಳಿರಿ. ಒಂದ ದಿನರ ಬ್ಯಾಡ ಅನಬಾರದೇನ್ರಿ?"



ಔರಾದದ ಆ ಟಪಾಲಿನವನು ಕೆಲಸದಿಂದ ನಿವೃತ್ತನಾಗಿ ಜನವಾಡದಲ್ಲಿ ಇದ್ದಾನೆಂದು ವಿಚಾರಿಸಿ ತಿಳಿದುಕೊಂಡವಳು ಅವಳೇ. ಮುಂದಿನ ರವಿವಾರ ಬಸ್ಸು ಹಿಡಿದು ಹೋದೆವು. ಬರುವುದಿಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಮನೆಯ ಮುಂದೆ ಹೊರಸಿನ ಮೇಲೆ ಕೂತು ಅವನು ಶೇಂಗಾ ಸುಲಿಯುತ್ತಿದ್ದ. ನಮ್ಮನ್ನು ಗುರುತು ಹಿಡಿದು ಗಡಬಡಿಸಿ ಎದ್ದ. ಅವಳು ನೆಲದ ಮೇಲೆಯೇ ಕೂತಳು. ನನ್ನ ಕಡೆ ತಿರುಗಿ, "ನೀವೇ ಹೇಳ್ರಿ," ಎಂದಳು.

ಹೇಳಿದೆ. ಹೆಂಡತಿಯ ಮುಂದೆ ಹೇಳುವಾಗ ಆಗದಷ್ಟು ಕಷ್ಟ ಅಲ್ಲಿ ಆಯಿತು. ಅವನು ಶೇಂಗಾದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಕೊನೆಯವರೆಗೂ ಕೇಳಿದ. ನನ್ನ ಮುಖ ನೋಡಲಿಲ್ಲ. ಅವಳಿಗೆ ಹೇಳಿದ:

"ಬೇಟಿ, ಕೂಸ ಹೋಗಿದ್ದು ನನಗ ಗೊತ್ತಿತ್ತು. ಕಾಗದದ ಮಾತ ಗೊತ್ತಿದ್ದಿಲ್ಲ. ನೀ ಬಾಗಿಲ ಮರಿಗಿ ಹೋಗ್ತಿದ್ದಿ ನೋಡು, ನಾ ಮುಸಲ್ಮಾನ ಅಂತ ಹಂಗ ಮಾಡ್ತಿ ಅಂತ ತಿಳಕೊಂಡಿದ್ದೆ. ಆಗ ಭಾಳ ಮಂದಿ ಹಂಗ ಮಾಡ್ತಿದ್ರು. ನಿನ್ನ ಮನಿ ಒಂದು ಹಂಗಲ್ಲ ಅಂತ ಮೊದಲ ಅನಕೊಂಡಿದ್ದೆ. ಆಮ್ಯಾಲ ನಿನ್ನನ್ನೂ ಅವರಾಗ ಸೇರಿಸಿಬಿಟ್ಟೆ."

ಅವಳು, ನಮ್ಮ ಮನ್ಯಾಗ ಜಾತಿ ನೋಡೂದಿಲ್ಲ ಚಾಚಾ, ಎಂದು ಶುರುಮಾಡಿ ಅರ್ಧಕ್ಕೇ ಬಿಟ್ಟಳು. ಅಜ್ಜನ ತೊಡೆಯ ಮೇಲೆ ಕೂತು ಎಲ್ಲರೂ ಒಂದೇ ಎಂಬುದನ್ನು ಕಲಿತವಳು ಅವಳು. ನಾಲ್ಕು ವರ್ಷ ಒಬ್ಬ ಮುದುಕನಿಗೆ ಅವಳು ಅದಕ್ಕೆ ತೀರ ಉಲ್ಟಾ ಆದವಳಾಗಿ ಕಂಡಿದ್ದಳು. ಅವಳನ್ನು ಹಾಗೆ ಮಾಡಿದ್ದು ನಾನು. ಕೂಸಿನ ಸಾವಿಗೆ ಕಾಲ, ಮಳೆ, ಜ್ವರ ಎಂದು ಏನಾದರೂ ಹೇಳಿಕೊಳ್ಳಬಹುದಿತ್ತು. ಇದಕ್ಕೆ ಯಾವ ಕಾಲವನ್ನೂ ದೂರುವಂತಿರಲಿಲ್ಲ.

ಅವನು ಸೊಸೆಯನ್ನು ಕರೆದು ಚಹಾ ಮಾಡಿಸಿದ. ಕುಡಿದೆವು. ಹೊರಡುವಾಗ ಅವಳು ಅವನ ಕಾಲಿಗೆ ಬಾಗಿದಳು. ಅವನು ಬೇಡ ಬೇಡವೆನ್ನುತ್ತ ಅವಳ ತಲೆಯ ಮೇಲೆ ಕೈಯಿಟ್ಟ. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಜೊತೆ ಕೂತಳು. ನಾನು ಹಿಂದೆ ಕೂತೆ.

ಅವಳು ನನ್ನನ್ನು ಬಿಟ್ಟು ಹೋಗಲಿಲ್ಲ. ಮಾತು ಬಿಡಲಿಲ್ಲ. ಮಕ್ಕಳ ಮದುವೆ ಮಾಡಿದೆವು, ಚಿದ್ರಿಯಲ್ಲೇ ಸ್ವಂತದ ಎರಡು ಖೋಲಿ ಕಟ್ಟಿಸಿದೆವು. ಯುಗಾದಿಗೆ ಮಕ್ಕಳಿಂದ ನೇಮ ಹೇಳಿಸುತ್ತಿದ್ದಳು. ನನ್ನ ಸರದಿ ಬಂದಾಗ ಏನನ್ನೂ ಕೇಳದೆ ಬಟ್ಟಲು ಕೈಗೆ ಕೊಡುತ್ತಿದ್ದಳು. ನನಗೆ ಅದು ಶಿಕ್ಷೆ ಎಂದು ಅನ್ನಿಸುತ್ತಿತ್ತು. ಅವಳಿಗೆ ಏನನ್ನಿಸುತ್ತಿತ್ತೋ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ.

ಜನವಾಡದ ಮುದುಕ ಮುಂದೆ ಬೀದರಿಗೆ ಪೆನ್ಶನ್ ತರಲು ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದ. ಅವಳು ಅವನಿಗೆ ರೊಟ್ಟಿ ಬಡಿಸಿ ಎದುರಿಗೆ ಕೂತು, ಮಗಳಂತೆ ತನ್ನ ಸುಖದುಃಖ ಹೇಳಿಕೊಳ್ಳುತ್ತಿದ್ದಳು. ನಾನು ಒಳಗೆ ಯಾವುದಾದರೂ ಕನ್ನಡ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಕೆಲವು ವರ್ಷಗಳ ಮೇಲೆ ಒಂದು ದಿನ ಬೆಳಿಗ್ಗೆ ಅವನ ಮೊಮ್ಮಗಳು ಅವನು ತೀರಿಹೋದ ಸುದ್ದಿ ಹೇಳಿ ಕಳಿಸಿದಳು. ಹೆಂಡತಿ ಕೂಡಲೇ ಸೀರೆ ಬದಲಿಸಿ ಹೊರಟು, ಬರುತ್ತೀರಾ ಎಂದು ನನ್ನನ್ನು ಕೇಳಿದಳು. ಕಚೇರಿಯಲ್ಲಿ ಇವತ್ತು ರಜೆ ಸಿಗುವುದಿಲ್ಲ ಎಂದೆ. ಅವಳು ಒಬ್ಬಳೇ ಬಸ್ಸಿಗೆ ಹೋದಳು. ಕೇಳಿದ್ದರೆ ರಜೆ ಸಿಗುತ್ತಿತ್ತು.